ಎಳೆಯುವ ಶಕ್ತಿ ಇದ್ದರೆ ಸಾಲದು, ನಿಲ್ಲಿಸುವ ಶಕ್ತಿಯೂ ಬೇಕು

ಕ್ಯಾಲಿಫೋರ್ನಿಯಾದ ನಮ್ಮ ಕನ್ನಡ ಬಳಗದಲ್ಲಿ ಈಚೆಗೆ ಟ್ರಾವೆಲ್ ಟ್ರೇಲರ್ ಕೊಳ್ಳುವವರು ಹೆಚ್ಚಾಗಿದ್ದಾರೆ. ಹಾಸಿಗೆ, ಒಲೆ, ಬಚ್ಚಲು ಎಲ್ಲ ಇರುವ ಪುಟ್ಟ ಮನೆಯನ್ನೇ ಗಾಡಿಯ ಹಿಂದೆ ಕಟ್ಟಿಕೊಂಡು ಯೊಸೆಮಿಟಿಗೋ ಲೇಕ್ ತಾಹೋಗೋ ಹೊರಡುವ ಅನುಕೂಲವೇ ಬೇರೆ. ಊರಿನಿಂದ ಅಪ್ಪ ಅಮ್ಮ ಬಂದಾಗಲಂತೂ ಅವರ ಊಟ, ವಿಶ್ರಾಂತಿ, ಶೌಚಾಲಯದ ಚಿಂತೆ ಇರುವುದಿಲ್ಲ. ಕೆಲವು ವರ್ಷಗಳಿಂದ ಟ್ರೇಲರ್ ಎಳೆಯುತ್ತಿರುವ ನನ್ನನ್ನು ಹೊಸಬರು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: “ಬ್ರೇಕ್ ಕಂಟ್ರೋಲರ್ ಹಾಕಿಸಲೇಬೇಕಾ?” ಎಲೆಕ್ಟ್ರಿಕ್ ಬ್ರೇಕಿನ ಟ್ರೇಲರ್ ಆದರೆ, ಅದಿಲ್ಲದೆ ಮನೆ ಮುಂದಿನಿಂದ ಕದಲಿಸಲೇಬೇಡಿ ಎನ್ನುತ್ತೇನೆ. ಇಷ್ಟು ಖಂಡಿತವಾಗಿ ಹೇಳಲು ಕಾರಣಗಳಿವೆ.

ಮೊದಲು ಬ್ರೇಕ್ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಬೇಕು. ಅಮೆರಿಕದ ಬಹುತೇಕ ಟ್ರಾವೆಲ್ ಟ್ರೇಲರ್‌ಗಳ ಚಕ್ರದ ಡ್ರಮ್ಮಿನೊಳಗೆ ಒಂದೊಂದು ವಿದ್ಯುತ್ ಅಯಸ್ಕಾಂತ ಇರುತ್ತದೆ. ಅದಕ್ಕೆ 12 ವೋಲ್ಟಿನ ಕರೆಂಟ್ ಹರಿದಾಗ ತಿರುಗುತ್ತಿರುವ ಡ್ರಮ್ಮಿಗೆ ಅಂಟಿಕೊಂಡು ಒಂದು ಲಿವರನ್ನು ಎಳೆಯುತ್ತದೆ. ಆ ಲಿವರ್ ಬ್ರೇಕ್ ಶೂಗಳನ್ನು ಡ್ರಮ್ಮಿಗೆ ಒತ್ತುತ್ತದೆ. ಈ ಕರೆಂಟ್ ಯಾವಾಗ, ಎಷ್ಟು ಹರಿಯಬೇಕು ಎಂದು ನಿರ್ಧರಿಸುವುದೇ ಕಂಟ್ರೋಲರ್. ಅದಿಲ್ಲದಿದ್ದರೆ ನೀವು ಪೆಡಲ್ ಒತ್ತಿದಾಗ ಟ್ರೇಲರಿನ ಕೆಂಪು ದೀಪ ಉರಿಯುತ್ತದೆ, ಹಿಂದೆ ಬರುವವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ, ಆದರೆ ಚಕ್ರದ ಬ್ರೇಕಿಗೆ ಏನೂ ತಲುಪಿರುವುದಿಲ್ಲ. ಎರಡು ಟನ್ನಿನ ಭಾರವನ್ನೂ ನಿಮ್ಮ ಗಾಡಿಯ ಬ್ರೇಕ್ ಒಂದೇ ತಡೆಯಬೇಕು. ಇಳಿಜಾರಿನಲ್ಲಿ ಹೇರು ತುಂಬಿದ ಬಂಡಿ ಎತ್ತುಗಳ ಕುತ್ತಿಗೆಯ ಮೇಲೆ ಬೀಳುವ ಹಾಗೆ ಟ್ರೇಲರ್ ಗಾಡಿಯನ್ನು ಹಿಂದಿನಿಂದ ನೂಕುತ್ತದೆ.

ನಾವು ಟ್ರೇಲರ್ ಕೊಂಡಾಗ ಅಂಗಡಿಯವರು, “ನಿಮ್ಮ ಎಸ್‌ಯುವಿಯಲ್ಲಿ ಟೋ ಪ್ಯಾಕೇಜ್ ಇದೆ, ಏಳು ಪಿನ್ನಿನ ಪ್ಲಗ್ ಇದೆ, ಇನ್ನೇನೂ ಬೇಡ” ಎಂದಿದ್ದರು. ಗಾಡಿಯ ಕೈಪಿಡಿ ತೆಗೆದು ನೋಡಿದರೆ ವೈರಿಂಗ್ ಮಾತ್ರ ಕೊಟ್ಟಿದ್ದಾರೆ, ಕಂಟ್ರೋಲರನ್ನು ಬೇರೆಯಾಗಿ ಹಾಕಿಸಿಕೊಳ್ಳಬೇಕು ಎಂದಿತ್ತು. ಇದು ಹೊಸಬರು ಗಟ್ಟಿಯಾಗಿ ನೆನಪಿಡಬೇಕಾದ ಸಂಗತಿ. ನಾಲ್ಕು ಪಿನ್ನಿನ ಪ್ಲಗ್ ದೀಪಗಳಿಗಷ್ಟೇ. ಏಳು ಪಿನ್ನಿನದರಲ್ಲಿ ಬ್ರೇಕಿಗೆಂದು ಒಂದು ನೀಲಿ ವೈರ್ ಇರುತ್ತದೆ, ಆದರೆ ಅದರ ಇನ್ನೊಂದು ತುದಿಯಲ್ಲಿ ಕಂಟ್ರೋಲರ್ ಇದೆಯೇ ಎಂದು ನೀವೇ ಕಣ್ಣಾರೆ ನೋಡಿಕೊಳ್ಳಬೇಕು.

ಕಾನೂನಿನ ಮಾತಿಗೆ ಬಂದರೆ ಒಂದೊಂದು ರಾಜ್ಯದ ಲೆಕ್ಕ ಒಂದೊಂದು. ಅನೇಕ ರಾಜ್ಯಗಳಲ್ಲಿ ಒಟ್ಟು ತೂಕ 3,000 ಪೌಂಡ್, ಅಂದರೆ ಸುಮಾರು 1,360 ಕಿಲೋ ದಾಟಿದರೆ ಟ್ರೇಲರಿಗೆ ಸ್ವಂತ ಬ್ರೇಕ್ ಕಡ್ಡಾಯ. ಕ್ಯಾಲಿಫೋರ್ನಿಯಾದಲ್ಲಿ ವಾಸದ ಟ್ರೇಲರ್‌ಗಳಿಗೆ ಈ ಮಿತಿ 1,500 ಪೌಂಡ್, ಟೆಕ್ಸಾಸ್‌ನಲ್ಲಿ 4,500. ಗಾಡಿ ತಯಾರಿಸಿದ ಕಂಪನಿಯ ಮಿತಿ ಇದಕ್ಕಿಂತಲೂ ಬಿಗಿಯಾಗಿರುವುದುಂಟು, ಆದ್ದರಿಂದ ಕೈಪಿಡಿಯನ್ನೂ ಓದಬೇಕು. ಜೊತೆಗೆ ಜಾಹೀರಾತಿನಲ್ಲಿರುವ ಖಾಲಿ ತೂಕವನ್ನು ನಂಬಬಾರದು. ಒಂದು ಗ್ಯಾಲನ್ ನೀರು 8 ಪೌಂಡಿಗೂ ಹೆಚ್ಚು ತೂಗುತ್ತದೆ. 40 ಗ್ಯಾಲನ್ನಿನ ಟ್ಯಾಂಕ್ ತುಂಬಿಸಿದರೆ ಅಲ್ಲಿಗೇ ಸುಮಾರು 330 ಪೌಂಡ್. ಅಕ್ಕಿ ಬೇಳೆ, ಕುಕ್ಕರ್, ಗ್ಯಾಸ್ ಸಿಲಿಂಡರ್, ಬ್ಯಾಟರಿ, ಮಕ್ಕಳ ಸೈಕಲ್ ಎಲ್ಲ ಅದರ ಮೇಲೆ. ಹೆದ್ದಾರಿ ಬದಿಯ ಟ್ರಕ್ ಸ್ಟಾಪ್‌ಗಳಲ್ಲಿರುವ ತೂಕದ ಕಟ್ಟೆಯಲ್ಲಿ ಒಮ್ಮೆ ತೂಗಿಸಿದರೆ ನಿಜ ತಿಳಿಯುತ್ತದೆ.

ಕಂಟ್ರೋಲರ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಅಗ್ಗದ್ದು, ಪೆಡಲ್ ಒತ್ತಿದೊಡನೆ ನೀವು ಮೊದಲೇ ಹೊಂದಿಸಿಟ್ಟ ಮಟ್ಟಕ್ಕೆ ಕರೆಂಟನ್ನು ಏರಿಸುತ್ತ ಹೋಗುತ್ತದೆ. ನೀವು ಮೆಲ್ಲಗೆ ಒತ್ತಿದ್ದೀರೋ ಗಾಬರಿಯಲ್ಲಿ ತುಳಿದಿದ್ದೀರೋ ಅದಕ್ಕೆ ಗೊತ್ತಾಗದು. ಇನ್ನೊಂದು ಪ್ರಪೋರ್ಷನಲ್. ಗಾಡಿಯ ವೇಗ ಎಷ್ಟು ಬಿರುಸಾಗಿ ಇಳಿಯುತ್ತಿದೆ ಎಂದು ಅಳೆದು ಅದಕ್ಕೆ ತಕ್ಕಷ್ಟೇ ಟ್ರೇಲರಿನ ಬ್ರೇಕ್ ಹಾಕುತ್ತದೆ. ಕುಟುಂಬ ಕೂರಿಸಿಕೊಂಡು ಬೆಟ್ಟದ ದಾರಿ ಹಿಡಿಯುವವರು ಎರಡನೆಯದನ್ನೇ ತೆಗೆದುಕೊಳ್ಳಿ.

ಹಾಕಿಸಿದರಷ್ಟೇ ಸಾಲದು, ಗೇನ್, ಅಂದರೆ ಟ್ರೇಲರಿನ ಬ್ರೇಕಿಗೆ ಹರಿಯುವ ಕರೆಂಟಿನ ಮಟ್ಟ ಹೊಂದಿಸಬೇಕು. ನಾವಿದನ್ನು ಭಾನುವಾರ ಬೆಳಿಗ್ಗೆ ಖಾಲಿ ಬಿದ್ದಿರುವ ದೊಡ್ಡ ಪಾರ್ಕಿಂಗ್ ಜಾಗದಲ್ಲಿ ಮಾಡುತ್ತೇವೆ. ನಾನು ಗಂಟೆಗೆ 25 ಮೈಲಿ ವೇಗದಲ್ಲಿ ನೇರ ಹೋಗಿ, ಕಾಲಿನ ಬ್ರೇಕ್ ಮುಟ್ಟದೆ ಕಂಟ್ರೋಲರಿನ ಕೈ ಲಿವರನ್ನು ಮಾತ್ರ ಪೂರ್ತಿ ಒತ್ತುತ್ತೇನೆ. ನನ್ನ ಹೆಂಡತಿ ಬದಿಯಲ್ಲಿ ದೂರ ನಿಂತು ಟ್ರೇಲರಿನ ಚಕ್ರಗಳನ್ನೇ ನೋಡುತ್ತಿರುತ್ತಾಳೆ. “ರೀ, ಚಕ್ರ ಉರುಳ್ಲಿಲ್ಲ, ಉಜ್ಜಿಕೊಂಡೇ ಬಂತು” ಎಂದರೆ ಗೇನ್ ಜಾಸ್ತಿಯಾಗಿದೆ, ಸ್ವಲ್ಪ ಇಳಿಸಬೇಕು. ಟ್ರೇಲರ್ ನೂಕಿದಂತೆ ಅನ್ನಿಸಿದರೆ ಏರಿಸಬೇಕು. ಚಕ್ರ ಕಚ್ಚಿಕೊಳ್ಳುವುದಕ್ಕೆ ಒಂದು ಕೂದಲೆಳೆ ಮೊದಲು, ಹಿಂದಿನಿಂದ ಯಾರೋ ಹಿಡಿದೆಳೆದ ಹಾಗೆ ಗಾಡಿ ನಿಧಾನವಾಗಬೇಕು. ಅದೇ ಸರಿಯಾದ ಮಟ್ಟ. ಮಳೆ ಬಂದು ರಸ್ತೆ ಒದ್ದೆಯಾದರೆ, ಟ್ಯಾಂಕ್ ಖಾಲಿಯಾಗಿ ತೂಕ ಇಳಿದರೆ ಮತ್ತೆ ಹೊಂದಿಸಬೇಕು.

ಆ ಕೈ ಲಿವರಿನ ಬೆಲೆ ನನಗೆ ಪೂರ್ತಿ ಅರ್ಥವಾದದ್ದು ಐ-5 ಹೆದ್ದಾರಿಯ ಬಯಲಿನಲ್ಲಿ. ಅಡ್ಡಗಾಳಿ ಬೀಸುತ್ತಿತ್ತು. ದೊಡ್ಡ ಟ್ರಕ್ಕೊಂದು ಪಕ್ಕದಲ್ಲಿ ಹಾದುಹೋದದ್ದೇ ಟ್ರೇಲರ್ ಎಡಕ್ಕೂ ಬಲಕ್ಕೂ ತೂಗಾಡತೊಡಗಿತು. ಇಂಥ ಹೊತ್ತಿನಲ್ಲಿ ಕಾಲಿನ ಬ್ರೇಕ್ ತುಳಿದರೆ ಮುಂದಿನ ಗಾಡಿ ತಡೆದು, ಹಿಂದಿನದು ನುಗ್ಗಿ, ತೂಗಾಟ ಇನ್ನೂ ಹೆಚ್ಚಾಗಬಹುದು. ಸ್ಟೀರಿಂಗ್ ನೇರ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ಲಿವರನ್ನು ಮೆಲ್ಲನೆ ಒತ್ತಿದೆ. ಟ್ರೇಲರ್ ಹಿಂದಕ್ಕೆ ಜಗ್ಗಿತು, ಸಾಲು ನೆಟ್ಟಗಾಯಿತು. ಕಂಟ್ರೋಲರ್ ಇಲ್ಲದಿದ್ದರೆ ಈ ಉಪಾಯ ನನ್ನ ಕೈಯಲ್ಲಿರುತ್ತಿರಲಿಲ್ಲ. ಆದರೆ ತೂಗಾಟದ ಮೂಲ ಮದ್ದು ಹೇರಿನ ಹೊಂದಾಣಿಕೆ: ಟ್ರೇಲರಿನ ತೂಕದಲ್ಲಿ ಶೇ. 10ರಿಂದ 15ರಷ್ಟು ಗಾಡಿಗೂ ಟ್ರೇಲರಿಗೂ ಕೊಂಡಿಯಾದ ಹಿಚ್ಚಿನ ಮೇಲೆ ಬೀಳುವಂತೆ ಸಾಮಾನು ಜೋಡಿಸಬೇಕು. ವೇಗವೂ ಹತೋಟಿಯಲ್ಲಿರಬೇಕು: ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವವರಿಗೆ ವೇಗದ ಮಿತಿ ಗಂಟೆಗೆ 55 ಮೈಲಿ. ವೇಗವನ್ನು 65ಕ್ಕೆ ಏರಿಸಿದರೆ ಬ್ರೇಕುಗಳು ಅರಗಿಸಿಕೊಳ್ಳಬೇಕಾದ ಶಕ್ತಿ ಸುಮಾರು ಶೇ. 40ರಷ್ಟು ಹೆಚ್ಚುತ್ತದೆ.

ನಿಜವಾದ ಪರೀಕ್ಷೆ ಬೆಟ್ಟದ್ದು. ಐ-80ರ ಡಾನರ್ ಸಮ್ಮಿಟ್ 7,200 ಅಡಿಗೂ ಎತ್ತರದಲ್ಲಿದೆ. ಅಲ್ಲಿಂದ ನೂರು ಮೈಲಿಯೊಳಗೆ ಸ್ಯಾಕ್ರಮೆಂಟೊದ ಬಯಲಿಗೆ ಇಳಿಯಬೇಕು. ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂದು ಶಿರಾಡಿ ಘಾಟಿಯ ಲಾರಿ ಚಾಲಕರು ಹೇಳುವ ಮಾತನ್ನು ಇಲ್ಲಿಯೂ ಪಾಲಿಸುತ್ತೇನೆ. ಎಂಜಿನ್ ವೇಗವನ್ನು ಹಿಡಿದಿಡಬೇಕು. ಬ್ರೇಕನ್ನು ಒಂದೇ ಸಮ ಒತ್ತಿ ಹಿಡಿಯದೆ, ಒತ್ತಿ ಬಿಟ್ಟು ತಣಿಯಲು ಬಿಡಬೇಕು. ಕಂಟ್ರೋಲರ್ ಇದ್ದಾಗ ಬ್ರೇಕಿನ ಬಿಸಿ ಗಾಡಿಯ ಚಕ್ರಗಳಿಗೂ ಟ್ರೇಲರಿನ ಚಕ್ರಗಳಿಗೂ ಹಂಚಿಹೋಗುತ್ತದೆ. ಇಲ್ಲದಿದ್ದರೆ ಗಾಡಿಯ ಬ್ರೇಕ್ ಒಂದೇ ಕಾದು ಕಾದು ಹಿಡಿತ ಕಳೆದುಕೊಳ್ಳುತ್ತದೆ.

ಇನ್ನೊಂದು ಚಿಕ್ಕ ಸಾಧನವನ್ನು ಮರೆಯಬಾರದು: ಬ್ರೇಕ್‌ಅವೇ ಸ್ವಿಚ್. ಟ್ರೇಲರ್ ಹಿಚ್ಚಿನಿಂದ ಕಳಚಿಕೊಂಡರೆ ಒಂದು ತೆಳು ಕೇಬಲ್ ಪಿನ್ನನ್ನು ಕಿತ್ತು, ಟ್ರೇಲರಿನದೇ ಬ್ಯಾಟರಿಯಿಂದ ಬ್ರೇಕ್ ಹಾಕಿಸುತ್ತದೆ. ಆ ಕೇಬಲನ್ನು ಸುರಕ್ಷಾ ಸರಪಳಿಗೆ ಸಿಕ್ಕಿಸದೆ ಗಾಡಿಗೇ ಬೇರೆಯಾಗಿ ಕಟ್ಟಬೇಕು. ಆಗಾಗ ಏಳು ಪಿನ್ನಿನ ಪ್ಲಗ್ ಕಳಚಿ, ಈ ಪಿನ್ನನ್ನು ಎಳೆದು, ಟ್ರೇಲರ್ ಅಲುಗದೆ ನಿಲ್ಲುತ್ತದೆಯೇ ಎಂದು ಪರೀಕ್ಷಿಸಿ.

ಕಂಟ್ರೋಲರ್ ಬೇಡದ ಟ್ರೇಲರ್‌ಗಳೂ ಇವೆ. ಬ್ರೇಕೇ ಇಲ್ಲದ ತೀರಾ ಹಗುರದವು ಒಂದು ಬಗೆ. ಎಳೆಯುವ ಗಾಡಿ ನಿಧಾನವಾದಾಗ ತನ್ನದೇ ನೂಕಿನಿಂದ ಬ್ರೇಕ್ ಹಾಕಿಕೊಳ್ಳುವ ಸರ್ಜ್ ಬ್ರೇಕಿನವು ಇನ್ನೊಂದು. ದೋಣಿ ಸಾಗಿಸುವ ಅನೇಕ ಟ್ರೇಲರ್‌ಗಳು ಹೀಗಿರುತ್ತವೆ. ಇಂಗ್ಲೆಂಡ್, ಜರ್ಮನಿಯ ಕಾರವಾನ್‌ಗಳಲ್ಲೂ ಸಾಮಾನ್ಯವಾಗಿ ಇದೇ ತತ್ತ್ವದ ಬ್ರೇಕ್. ಆದ್ದರಿಂದ ಕೊಳ್ಳುವಾಗಲೇ ಯಾವ ಬ್ರೇಕ್ ಎಂದು ಕೇಳಿ.

ಎಲೆಕ್ಟ್ರಿಕ್ ಎಂಬ ಉತ್ತರ ಬಂದರೆ ಮತ್ತೆ ಯೋಚಿಸುವುದೇನಿಲ್ಲ. ಟ್ರೇಲರಿನ ಬೆಲೆಯ ಮುಂದೆ ಕಂಟ್ರೋಲರಿನದು ಏನೇನೂ ಅಲ್ಲ. ನಿಮ್ಮ ಮಕ್ಕಳಿಗಾಗಿ, ಮುಂದಿನ ಕಾರಿನಲ್ಲಿರುವ ಬೇರೆಯವರ ಮಕ್ಕಳಿಗಾಗಿ, ಮೊದಲ ಪ್ರವಾಸಕ್ಕೆ ಮುಂಚೆಯೇ ಹಾಕಿಸಿ, ಗೇನ್ ಹೊಂದಿಸಿ, ಪ್ರತಿ ಸಲ ಹೊರಡುವಾಗ ಲಿವರ್ ಒತ್ತಿ ಒಮ್ಮೆ ಪರೀಕ್ಷಿಸಿಯೇ ರಸ್ತೆಗಿಳಿಯಿರಿ.