ಸಲಮಾಂಕಾಕ್ಕೆ ಹೊರಟವಳಿಗೆ

ಪುಟ್ಟೀ, ಸ್ಪೇನಿನಲ್ಲಿ ಎಂ.ಎ. ಸೀಟು ಸಿಕ್ಕಿತೆಂದು ನಿಮ್ಮಮ್ಮ ಬೀದಿಗೆಲ್ಲ ಪೇಡ ಹಂಚಿ ಆಯಿತು. ಇನ್ನು ಹೊರಡುವ ತನಕ ಬಂದವರೆಲ್ಲ ಬುದ್ಧಿ ಹೇಳುವವರೇ. ಉಪ್ಪಿನಕಾಯಿ ಎಷ್ಟು ಕೆ.ಜಿ., ಸ್ವೆಟರ್ ಎಷ್ಟು, ಕುಕ್ಕರಿಗೆ ಗ್ಯಾಸ್ಕೆಟ್ ಬೇಕೋ ಬೇಡವೋ. ನಾನು ಹೇಳುವುದು ಒಂದೇ: ಅಲ್ಲಿ ನಮ್ಮವರನ್ನು ಹುಡುಕಿಕೊಂಡು ಹೋಗಿ ಮನೆ ಮಾಡಬೇಡ. ಸ್ಪೇನಿನ ಹುಡುಗಿಯರ ಜತೆ ಮಾಡು.

ಸಲಮಾಂಕಾ ದೊಡ್ಡ ಊರಲ್ಲ. ಜನಸಂಖ್ಯೆ ಒಂದೂವರೆ ಲಕ್ಷದೊಳಗೆ. ಸ್ಪ್ಯಾನಿಷ್ ಕಲಿಯಲು ಬರುವ ವಿದೇಶಿ ಹುಡುಗರಿಂದಲೇ ಅಲ್ಲಿ ಎಷ್ಟೋ ಮನೆಗಳ ಒಲೆ ಉರಿಯುತ್ತದೆ. ಅದರಿಂದಲೇ ಒಂದು ಅಪಾಯವೂ ಇದೆ: ಬೆಳಗ್ಗೆ ತರಗತಿಯಲ್ಲಿ ವ್ಯಾಕರಣ, ಸಂಜೆ ಪರದೇಶಿಗಳೆಲ್ಲ ಒಟ್ಟು ಸೇರಿ ಇಂಗ್ಲಿಷು. ವರ್ಷ ಹೀಗೇ ಕಳೆದುಹೋಗುತ್ತದೆ. ನೀನು ಬೆಂಗಳೂರಿನಲ್ಲಿ ಸ್ಪ್ಯಾನಿಷಿನ ಬಿ-2 ಹಂತ ಪಾಸಾಗಿದ್ದೀಯ, ಸಂತೋಷ. ಆದರೆ ಪಾತ್ರೆ ತೊಳೆಯುವ ಸರದಿ ಯಾರದು, ಕರೆಂಟ್ ಬಿಲ್ಲು ಯಾರು ಕಟ್ಟಬೇಕು ಎಂದು ಜಗಳ ಆಡಲು ಬಿ-2 ಸಾಲದು. ಆ ಜಗಳದಲ್ಲೇ ಭಾಷೆ ಬರುವುದು.

ಒಂದು ವಿಷಯದಲ್ಲಿ ನೀನು ಅಮೆರಿಕದ ಹುಡುಗರಿಗಿಂತ ಮುಂದಿದ್ದೀಯ. ಸ್ಪ್ಯಾನಿಷಿನ ತ, ದ, ರ ಮೂರೂ ನಮ್ಮ ನಾಲಿಗೆಯಲ್ಲಿ ಮೊದಲೇ ಇವೆ. ಬರೆದಂತೆ ಓದುವ ಭಾಷೆಯ ಅಭ್ಯಾಸವೂ ಇದೆ. ನಾಲಿಗೆಯನ್ನು ಹಲ್ಲಿನ ಮಧ್ಯೆ ತಂದು 'ಗ್ರಾಥಿಯಾಸ್' ಅನ್ನುವುದು ಹೊಸದು. ಮೊದಲೆರಡು ವಾರ ನಗು ಬರುತ್ತದೆ, ಆಮೇಲೆ ಒಗ್ಗುತ್ತದೆ.

ಮನೆಯನ್ನು ಇಲ್ಲಿಂದಲೇ ಗೊತ್ತು ಮಾಡಬೇಡ. ಮೊದಲ ಎರಡು ವಾರಕ್ಕೆ ಯಾವುದಾದರೂ ಹಾಸ್ಟೆಲು ಹಿಡಿ. ಆಮೇಲೆ ವಿಶ್ವವಿದ್ಯಾಲಯದ ವಿಭಾಗಗಳ ನೋಟಿಸ್ ಬೋರ್ಡು ನೋಡು. ರೂಮು ಬಾಡಿಗೆಗಿದೆ ಎಂಬ ಚೀಟಿ ಅಂಟಿಸಿ, ಅದರ ಕೆಳಗೆ ಫೋನ್ ನಂಬರನ್ನು ಎಳೆ ಎಳೆಯಾಗಿ ಕತ್ತರಿಸಿಟ್ಟಿರುತ್ತಾರೆ. ಒಂದು ಎಳೆ ಹರಿದುಕೊಂಡು ಫೋನ್ ಮಾಡುವುದು. ಕಣ್ಣಾರೆ ನೋಡುವ ಮೊದಲು ಮುಂಗಡ ಕಳಿಸಲೇಬೇಡ, ಅಂಥ ಮೋಸ ಎಲ್ಲ ಊರಲ್ಲೂ ಇದೆ. ನೋಡುವಾಗ ಮೂರು ಪ್ರಶ್ನೆ ಕೇಳು. ಕಿಟಕಿ ಬೀದಿಗೋ, ಒಳಗಿನ ಗಾಳಿಗುಂಡಿಗೋ? ಚಳಿಗಾಲದ ಹೀಟಿಂಗ್ ಬಾಡಿಗೆಯಲ್ಲಿ ಸೇರಿದೆಯೋ? ಊರು ಸುಮಾರು 800 ಮೀಟರ್ ಎತ್ತರದ ಬಯಲಲ್ಲಿದೆ, ಜನವರಿ ರಾತ್ರಿ ಸೊನ್ನೆಗಿಂತ ಕೆಳಗಿಳಿಯುವುದು ಮಾಮೂಲು. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಆ ವಿಳಾಸದಲ್ಲಿ ನಗರಸಭೆಯ ದಾಖಲೆಗೆ ಹೆಸರು ಸೇರಿಸಲು ಬಿಡುತ್ತಾರೋ? 'ಎಂಪಾದ್ರೊನಾಮಿಯೆಂತೊ' ಅನ್ನುತ್ತಾರೆ ಅದನ್ನು. ಮನೆಮಾಲೀಕ ಆಗಲ್ಲ ಅಂದರೆ ಎಷ್ಟೇ ಚೆಂದದ ರೂಮಾದರೂ ಬಿಟ್ಟು ಬಾ. ಆರು ತಿಂಗಳಿಗೆ ಮೀರಿದ ವೀಸಾದವರು ಅಲ್ಲಿಗೆ ಹೋದ ಒಂದು ತಿಂಗಳೊಳಗೆ ವಿದೇಶಿಯರ ಗುರುತಿನ ಕಾರ್ಡಿಗೆ ಅರ್ಜಿ ಹಾಕಬೇಕು. ಅಲ್ಲಿ ಈ ವಿಳಾಸದ ಕಾಗದ ಬೇಕಾಗುತ್ತದೆ. ಪೊಲೀಸ್ ಕಚೇರಿಯಲ್ಲಿ ಬೆರಳಚ್ಚು ಕೊಡಲು ಮೊದಲೇ ಆನ್‌ಲೈನಿನಲ್ಲಿ ಸಮಯ ಕಾದಿರಿಸಬೇಕು, ಸೆಪ್ಟೆಂಬರಿನಲ್ಲಿ ಆ ಸಮಯ ಸುಲಭಕ್ಕೆ ಸಿಗದು. ಅಲ್ಲಿನ ಸರ್ಕಾರಿ ಕಚೇರಿಗಳು ನಮ್ಮವುಗಳಿಗಿಂತ ಚುರುಕು ಅಂದುಕೊಂಡು ಹೋಗಬೇಡ.

ಊಟದ ಮಾತು. ಮಧ್ಯಾಹ್ನದ ಊಟ ಎರಡರ ಮೇಲೆ, ರಾತ್ರಿಯದು ಒಂಬತ್ತರ ಮೇಲೆ. ಏಳು ಗಂಟೆಗೆ ಹೋಟೆಲಿಗೆ ಹೋದರೆ ಅಡುಗೆಮನೆ ತೆರೆದೇ ಇರುವುದಿಲ್ಲ. ನೀನು ಸಸ್ಯಾಹಾರಿ. ಬರೀ 'ಮಾಂಸ ಬೇಡ' ಅಂದರೆ ನಡೆಯದು. ಹ್ಯಾಮಿನ ಚೂರು, ಟ್ಯೂನಾ ಮೀನು ಎರಡನ್ನೂ ಅವರು ಮಾಂಸದ ಲೆಕ್ಕಕ್ಕೆ ಹಿಡಿಯದೆ ಸಾಲಡ್ ಮೇಲೆ ಉದುರಿಸಿ ತರುವುದುಂಟು. 'ನಿ ಹಮೋನ್, ನಿ ಅತೂನ್' ಎಂದು ಹೆಸರು ಹಿಡಿದೇ ಹೇಳು. ಹೋಟೆಲಿನ ಬೇಳೆಯಲ್ಲೂ ಸಾಸೇಜ್ ತುಂಡು ತೇಲುತ್ತಿರುತ್ತದೆ. ಆದರೆ ಬೇಳೆ ಮಾತ್ರ ಬಲು ಒಳ್ಳೆಯದು. ಊರಿನ ಉತ್ತರಕ್ಕಿರುವ ಲಾ ಅರ್ಮುನ್ಯಾ ಸೀಮೆಯ ಮಸೂರ ಸ್ಪೇನಿಗೆಲ್ಲ ಹೆಸರುವಾಸಿ. ತೆಳು ಸಿಪ್ಪೆ, ತಿಳಿಹಸಿರು ಬಣ್ಣ, ಬೆಂದರೆ ಬೆಣ್ಣೆ. ನಿಮ್ಮಮ್ಮನ ಸಾರಿನ ಪುಡಿ ಅದಕ್ಕೆ ಚೆನ್ನಾಗಿ ಹೊಂದುತ್ತದೆ. ತೊಗರಿಬೇಳೆ ಹೊತ್ತುಕೊಂಡು ಹೋಗುವ ಅಗತ್ಯ ಇಲ್ಲ, ಪುಡಿ ಒಯ್ಯಿ. ಹುಡುಗಿಯರಿಗೂ ಒಂದು ದಿನ ಸಾರು ಬಡಿಸು, ಖಾರ ಅರ್ಧ ಹಾಕು.

ವಿಶ್ವವಿದ್ಯಾಲಯ 1218ರದು, ಲಿಯೋನಿನ ದೊರೆ ಒಂಬತ್ತನೇ ಅಲ್ಫೋನ್ಸೊ ಕಟ್ಟಿದ್ದು. ಹಳೆಯ ಕಟ್ಟಡದ ಮುಂದೆ ಪ್ರವಾಸಿಗರು ಕತ್ತೆತ್ತಿ ನಿಂತಿರುತ್ತಾರೆ, ಕೆತ್ತನೆಯೊಳಗೆ ತಲೆಬುರುಡೆಯ ಮೇಲೆ ಕೂತ ಕಪ್ಪೆಯನ್ನು ಹುಡುಕುತ್ತ. ಯಾರೂ ತೋರಿಸದೆ ಅದನ್ನು ಕಂಡವರು ಪರೀಕ್ಷೆ ಪಾಸಾಗುತ್ತಾರಂತೆ. ಹುಡುಕು, ತಪ್ಪೇನಿಲ್ಲ. ಆದರೆ ಒಳಗೆ ಹೋಗಿ ಫ್ರಾಯ್ ಲೂಯಿಸ್ ದೆ ಲಿಯೋನ್ ಪಾಠ ಮಾಡುತ್ತಿದ್ದ ಕೋಣೆಯನ್ನು ಬಿಡಬೇಡ. ಬೆಂಚು ಅಂದರೆ ಒರಟು ಮರದ ತೊಲೆ ಅಷ್ಟೇ, ಅದರ ಮೇಲೆಲ್ಲ ಹಳೆಯ ಹುಡುಗರು ಕೊರೆದ ಗೀರುಗಳು. ಬೈಬಲ್ಲಿನ ಒಂದು ಭಾಗವನ್ನು ಜನರ ಭಾಷೆಗೆ ತಂದದ್ದೂ ಸೇರಿದಂತೆ ಹಲವು ಆರೋಪ ಹೊರಿಸಿ ಆ ಮೇಷ್ಟರನ್ನು 1572ರಲ್ಲಿ ಇನ್‌ಕ್ವಿಸಿಷನ್ ಎಂಬ ಧಾರ್ಮಿಕ ವಿಚಾರಣಾ ಮಂಡಳಿ ಜೈಲಿಗೆ ಹಾಕಿತ್ತು. ಹೊರಬರಲು 1576ರ ಕೊನೆಯಾಯಿತು. ಭಾಷೆ ಓದಲು ಹೊರಟವಳು ಆ ಕೋಣೆಯಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಇನ್ನೊಂದು ಸೂಕ್ಷ್ಮ. ಊರ ನಡುವಿನ ಪ್ಲಾಸಾ ಮಯೋರ್ ಚೌಕದ ಕಮಾನುಗಳ ಮೇಲೆ ರಾಜರ, ದೊಡ್ಡವರ ಮುಖಗಳನ್ನು ಕಲ್ಲಿನಲ್ಲಿ ಕೊರೆದಿದ್ದಾರೆ. ಅಲ್ಲಿದ್ದ ಸರ್ವಾಧಿಕಾರಿ ಫ್ರಾಂಕೋನ ಮುಖವನ್ನು ತೆಗೆದದ್ದು 2017ರಲ್ಲಿ, ಅವನು ಸತ್ತು ನಲವತ್ತು ವರ್ಷ ದಾಟಿದ ಮೇಲೆ. ಅಂದರೆ ಅವನನ್ನು ಅಧಿಕಾರಕ್ಕೆ ತಂದ ಅಂತರ್ಯುದ್ಧದ ಗಾಯ ಇನ್ನೂ ಹಸಿ. ಗೆಳತಿಯರು ಹಬ್ಬಕ್ಕೆ ಊರಿಗೆ ಕರೆದುಕೊಂಡು ಹೋದರೆ ಅಜ್ಜ ಅಜ್ಜಿಯರ ಎದುರು ಆ ಮಾತು ನೀನಾಗಿ ಎತ್ತಬೇಡ. ಅವರೇ ಶುರು ಮಾಡಿದರೆ ಬಾಯಿ ಮುಚ್ಚಿ ಕೇಳು.

ಅಂಕಗಳ ವಿಚಾರವನ್ನು ನಿಮ್ಮಪ್ಪನಿಗೆ ಈಗಲೇ ಹೇಳಿಟ್ಟಿರು. ಅಲ್ಲಿ ಹತ್ತಕ್ಕೆ ಐದು ಬಂದರೆ ಪಾಸು, ಏಳು ಬಂದರೆ ಚೆನ್ನಾಗಿ ಓದಿದ್ದಾಳೆ ಅಂತ ಅರ್ಥ, ಒಂಬತ್ತು ಅಪರೂಪ. ತೊಂಬತ್ತೈದು ಪರ್ಸೆಂಟು ನೋಡಿ ಅಭ್ಯಾಸವಾದವರಿಗೆ ಎಪ್ಪತ್ತು ಅಂದರೆ ಎದೆ ಧಸಕ್ಕೆನ್ನುತ್ತದೆ. ಮನೆಗೆ ವಾರಕ್ಕೆರಡು ಸಲ ಫೋನ್ ಮಾಡಿದರೆ ಸಾಕು. ಅಲ್ಲಿ ರಾತ್ರಿಯ ಊಟ ಮುಗಿಯುವ ಹೊತ್ತಿಗೆ ಇಲ್ಲಿ ನಡುರಾತ್ರಿ, ದಿನಾ ವಿಡಿಯೋ ಕಾಲ್ ಅಂದರೆ ನಿಮ್ಮಮ್ಮನ ನಿದ್ದೆಗೂ ಕುತ್ತು, ನಿನ್ನ ಸ್ಪ್ಯಾನಿಷಿಗೂ ಕುತ್ತು.

ಸದ್ಯಕ್ಕೆ ಡಿಗ್ರಿ ಸರ್ಟಿಫಿಕೇಟಿನ ಅಪಾಸ್ಟಿಲ್, ಅಂದರೆ ಹೊರದೇಶದಲ್ಲಿ ನಡೆಯುವಂಥ ದೃಢೀಕರಣದ ಕೆಲಸ ನೋಡು. ಮೊದಲು ರಾಜ್ಯದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಮುದ್ರೆ, ಅದಾದ ಮೇಲೆ ಅಧಿಕೃತ ಅನುವಾದಕರಿಂದ ಸ್ಪ್ಯಾನಿಷ್ ಪ್ರತಿ. ಒಂದು ಮುಗಿಯದೆ ಇನ್ನೊಂದು ಆಗುವುದಿಲ್ಲ. ಶಾಪಿಂಗ್ ಆಮೇಲೆ ಮಾಡಿಕೊಳ್ಳಬಹುದು, ಸೋಮವಾರ ಹೋಗಿ ಇದನ್ನು ಶುರು ಮಾಡು.