ಸಮಾಜದ ಜ್ವರವೂ ವೈದ್ಯನ ಮಾತೂ



ವೈದ್ಯ ಸಂಗಣ್ಣನು ಚಿಕಿತ್ಸೆಯನ್ನೇ ಕಾಯಕವಾಗಿ ಕೈಕೊಂಡ ಶರಣನು. ವೈದ್ಯದ ಪರಿಭಾಷೆಯಿಂದಲೇ ಆತನು ಅಂತರಂಗದ ರೋಗವನ್ನು ವಿವರಿಸಿದನು. ದೇಹಕ್ಕೆ ಜ್ವರ ಬರುವಂತೆ ಸಮಾಜಕ್ಕೂ ಜ್ವರ ಬರುವುದುಂಟು. ಆಗ ವೈದ್ಯನ ಧರ್ಮವೇನು, ಗೃಹಸ್ಥನ ಧರ್ಮವೇನು ಎಂಬುದನ್ನು ಈ ಪಾಠದಲ್ಲಿ ವಿಚಾರಿಸೋಣ.

ನಿದರ್ಶನಕ್ಕಾಗಿ ದೂರ ಹೋಗಬೇಕಾದುದಿಲ್ಲ. 2017ನೆಯ ಡಿಸೆಂಬರ್ 6ರಂದು ಹೊನ್ನಾವರದಲ್ಲಿ ಕೋಮುಘರ್ಷಣೆ ನಡೆದಾಗ ತರುಣನೊಬ್ಬನು ಕಾಣೆಯಾದನು. 8ರಂದು ಆತನ ಶವವು ಶೆಟ್ಟಿಕೆರೆಯಲ್ಲಿ ದೊರೆಯಿತು. ಹೆತ್ತವರ ದುಃಖ ಹೇಳತೀರದು. ಅಷ್ಟರಲ್ಲಿಯೇ, ಚಿತ್ರಹಿಂಸೆ ಕೊಟ್ಟು ಕುದಿಯುವ ಎಣ್ಣೆ ಸುರಿದು ಕೊಂದರೆಂಬ ವದಂತಿಯು ಹಬ್ಬಿತು. 11ರಂದು ಕುಮಟೆಯಲ್ಲಿ ಪೊಲೀಸ್ ಮಹಾನಿರೀಕ್ಷಕರ ವಾಹನವು ಬೆಂಕಿಗೆ ತುತ್ತಾಯಿತು. 12ರಂದು ನಮ್ಮ ಶಿರಸಿಯಲ್ಲಿ ಬಂದ್ ನಡೆದು ಕಲ್ಲುಗಳು ತೂರಿದುವು.

ಆ ದಿನಗಳಲ್ಲಿಯೇ ಮಣಿಪಾಲದ ಕಸ್ತೂರಬಾ ವೈದ್ಯಕೀಯ ಮಹಾವಿದ್ಯಾಲಯದ ನ್ಯಾಯವೈದ್ಯರು ಪೊಲೀಸರ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರವಿತ್ತರು. ಮುಖದ ಬಣ್ಣ ಮಾರ್ಪಟ್ಟುದು ಶವವು ಕೊಳೆತುದರಿಂದಲೇ ಹೊರತು ಎಣ್ಣೆಯಿಂದಲ್ಲವೆಂದು ಸ್ಪಷ್ಟಪಡಿಸಿದರು. ಉದ್ರಿಕ್ತ ಜನಕ್ಕೆ ಆ ಮಾತು ರುಚಿಸಲಿಲ್ಲ. 2022ರಲ್ಲಿ ಕೇಂದ್ರ ತನಿಖಾ ದಳವು, ಇದು ನೀರಿನಲ್ಲಿ ಮುಳುಗಿ ಸಂಭವಿಸಿದ ಆಕಸ್ಮಿಕ ಮರಣವೆಂದು ನ್ಯಾಯಾಲಯಕ್ಕೆ ವರದಿಯಿತ್ತಿತು. ಐದು ವರ್ಷಗಳ ಮೇಲೆ ಬಂದ ಸತ್ಯವು ಒಡೆದ ಗಾಜನ್ನು ಕೂಡಿಸಲಾರದು. ಒಡೆದ ಮನಸ್ಸನ್ನಂತೂ ಕೂಡಿಸಲಾರದು.

ಈ ಜ್ವರವು ನಮ್ಮ ನಾಡಿಗೆ ಮಾತ್ರ ಮೀಸಲಲ್ಲ. 2024ನೆಯ ಜುಲೈ 29ರಂದು ಇಂಗ್ಲೆಂಡಿನ ಸೌತ್‌ಪೋರ್ಟ್ ಪಟ್ಟಣದಲ್ಲಿ ಮೂವರು ಬಾಲಕಿಯರು ಹತರಾದರು. ಹಂತಕನು ಆಶ್ರಯ ಬೇಡಿ ಬಂದ ವಲಸಿಗನೆಂಬ ಸುಳ್ಳು ಹಬ್ಬಿ, ಮಸೀದಿಯ ಮೇಲೂ ಅನ್ಯವರ್ಣೀಯರ ಮೇಲೂ ದಾಳಿಗಳು ನಡೆದುವು. ರೋಗಿಗಳ ಸೇವೆಗೆ ಹೊರಟಿದ್ದ ಫಿಲಿಪ್ಪೀನ್ಸ್ ದೇಶದ ದಾದಿಯರ ವಾಹನಕ್ಕೂ ಕಲ್ಲು ಬಿದ್ದುವು. ಅಲ್ಲಿಯ ರಾಷ್ಟ್ರೀಯ ಆರೋಗ್ಯ ಸೇವೆಯ ಹಿರಿಯರು ವರ್ಣದ್ವೇಷವನ್ನು ಬಹಿರಂಗವಾಗಿ ಖಂಡಿಸಿ, ತಮ್ಮ ಸಿಬ್ಬಂದಿಯ ಬೆಂಬಲಕ್ಕೆ ನಿಂತರು. ಮಣಿಪಾಲದ ವೈದ್ಯರು ಸತ್ಯವನ್ನು ಕಾದರು. ಇವರು ಸೇವಕರನ್ನು ಕಾದರು. ಎರಡೂ ಚಿಕಿತ್ಸೆಯ ಅಂಗಗಳೇ.

2024ರಲ್ಲಿ ಸಿದ್ದಾಪುರ ತಾಲೂಕಿನಲ್ಲಿ ಮಂಗನ ಕಾಯಿಲೆ ಹರಡಿತಷ್ಟೆ. ಆಗ ಉಣುಗು ಯಾರ ಕುಲವನ್ನೂ ವಿಚಾರಿಸಲಿಲ್ಲ. ಯಲ್ಲಾಪುರದ ಸಿದ್ದಿಯಾಗಲಿ, ಶಿರಸಿಯ ವ್ಯಾಪಾರಿಯಾಗಲಿ ಮಲಗುವುದು ಅದೇ ಆಸ್ಪತ್ರೆಯ ಮಂಚದ ಮೇಲೆ. ರೋಗವು ಕುಲವನ್ನು ಕೇಳದಿರುವಲ್ಲಿ ಆರೈಕೆಯು ಕೇಳಬಹುದೇ?

ಆದುದರಿಂದ ಗೃಹಸ್ಥನು ಈ ಮೂರನ್ನು ಅಭ್ಯಾಸಮಾಡತಕ್ಕದ್ದು: ಕೈಗೆ ಬಂದ ವಾರ್ತೆಯನ್ನು ತಿಳಿದು ನೋಡದೆ ಮತ್ತೊಬ್ಬರಿಗೆ ಕಳುಹಿಸಬಾರದು, ಸತ್ತವನ ಮನೆಗೆ ಮೊದಲು ಹೋಗಬೇಕು, ಬೀದಿಗಲ್ಲ, ಒಬ್ಬನ ತಪ್ಪನ್ನು ಅವನ ಕುಲದ ಮೇಲೆ ಹೊರಿಸಬಾರದು. ದುಃಖವನ್ನು ಹಂಚಿಕೊಳ್ಳುವುದಕ್ಕೆ ಶತ್ರುವೊಬ್ಬನು ಬೇಕಾಗಿಲ್ಲ. ವೈದ್ಯನು ಸತ್ಯವನ್ನು ಹೇಳಬಲ್ಲನು. ಅದು ಬರುವವರೆಗೆ ಕಾಯುವ ತಾಳ್ಮೆಯು ನಮ್ಮ ಪಾಲಿನ ಕಾಯಕ.