ಮೊದಲು ಐದು ನಿಮಿಷ ಸುಮ್ಮನೆ ಕೂಡ್ರಿ

ಬಿಪಿ ಮಶಿನ್ ಈಗ ನಮ್ಮ ಇಂಡಿ, ಸಿಂದಗಿ ಕಡೆ ಎಷ್ಟೋ ಮನೆಗಳಿಗೆ ಬಂದಿದೆ. ಪುಣೆಯಲ್ಲೋ ಬೆಂಗಳೂರಿನಲ್ಲೋ ಇರುವ ಮಕ್ಕಳು ತಂದುಕೊಟ್ಟು ಹೋಗುತ್ತಾರೆ. ಪಟ್ಟಿ ಕಟ್ಟಿ ಗುಂಡಿ ಒತ್ತುವುದು ಕಷ್ಟವಲ್ಲ, ಸರಿಯಾಗಿ ಕೂಡುವುದು ಕಷ್ಟ. ವರ್ಷಗಳಿಂದ ನನ್ನ ಬಿಪಿ ನಾನೇ ನೋಡಿಕೊಳ್ಳುತ್ತ ಕಲಿತದ್ದರಲ್ಲಿ ಮುಕ್ಕಾಲು ಪಾಲು ಇದೇ.

ನಮ್ಮಲ್ಲಿ ಕೂಡುವುದೆಂದರೆ ನೆಲಕ್ಕೆ ಜಮಖಾನ ಹಾಸಿ ಚಕ್ಕಳಮಕ್ಕಳ ಹಾಕುವುದು. ಊಟಕ್ಕೆ, ಹರಟೆಗೆ ಅದು ಚೆಂದ. ಆದರೆ ಕಾಲ ಮೇಲೆ ಕಾಲು ಬಿದ್ದರೆ, ಬೆನ್ನಿಗೆ ಆಸರೆ ಇಲ್ಲದಿದ್ದರೆ, ಕೈ ಎದೆಮಟ್ಟಕ್ಕಿಂತ ಕೆಳಗಿದ್ದರೆ ಬಿಪಿಯ ಅಂಕಿ ಏರುತ್ತದೆ. ಅದಕ್ಕೇ ಬೆನ್ನಿರುವ ಕುರ್ಚಿ, ನೆಲಕ್ಕೂರಿದ ಪಾದ, ಪಕ್ಕದ ಟೇಬಲ್ ಮೇಲೆ ಮಡಚಿಟ್ಟ ಕೌದಿ. ಕೌದಿಗೆ ಒಂದು ಮಡಿಕೆ ಹೆಚ್ಚೋ ಕಡಿಮೆಯೋ ಮಾಡಿದರೆ ತೋಳಿನ ಪಟ್ಟಿ ಹೃದಯದ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಪಟ್ಟಿ ಬರಿ ತೋಳಿಗೇ ಸುತ್ತಬೇಕು. ದಪ್ಪ ತೋಳಿಗೆ ಸಣ್ಣ ಪಟ್ಟಿ ಬಿಗಿದರೆ ಇಲ್ಲದ ಬಿಪಿಯೂ ಕಾಣಿಸುತ್ತದೆ. ಕೊಳ್ಳುವಾಗಲೇ ಅಳತೆ ನೋಡಿಕೊಳ್ಳಿ.

ಮಾತನ್ನು ತಡೆಯುವುದು ಇನ್ನೂ ಕಷ್ಟ. "ಏನ್ರಿ ಕಾಕಾ, ಎಷ್ಟ್ ಬಂತು?" ಎಂದು ಬಾಗಿಲಲ್ಲಿ ನಿಂತು ಕೇಳಿದವರಿಗೆ ಉತ್ತರ ಕೊಡದೆ ಇರುವುದು ನಮ್ಮ ಊರಿನ ರೀತಿಯಲ್ಲ. ಆದರೂ ಮಾತಾಡಿದರೆ ಅಂಕಿ ಏರುವುದು ಖಂಡಿತ. ಹಾಗಾಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತೇನೆ. ಬೆಳಿಗ್ಗೆ ಮೂತ್ರಕ್ಕೆ ಹೋಗಿಬಂದು, ಚಹಾ ಮತ್ತು ಗುಳಿಗೆಗಿಂತ ಮುಂಚೆ, ಐದು ನಿಮಿಷ ಸುಮ್ಮನೆ ಕೂತು, ಒಂದು ನಿಮಿಷದ ಅಂತರದಲ್ಲಿ ಎರಡು ಸಲ ನೋಡುತ್ತೇನೆ. ಸಂಜೆಯೂ ಹಾಗೇ. ಡಾಕ್ಟರಿಗೆ ತೋರಿಸುವ ಮುಂಚಿನ ಒಂದು ವಾರ ಹೀಗೆ ವಹಿಯಲ್ಲಿ ಬರೆದಿಟ್ಟು, ಮೊದಲ ದಿನದ್ದನ್ನು ಬಿಟ್ಟು ಸರಾಸರಿ ತೆಗೆಯಬೇಕು. ಆಸ್ಪತ್ರೆಯಲ್ಲಿ 140/90 ಗಡಿಯಾದರೆ ಮನೆಯಲ್ಲಿ ಅದು 135/85. ಒಂದು ಸಲದ ಅಂಕಿಗೆ ಗಾಬರಿಯೂ ಬೇಡ, ಸಮಾಧಾನವೂ ಬೇಡ. ಆದರೆ 180/120 ದಾಟಿ ಜೊತೆಗೆ ಎದೆನೋವು, ಉಸಿರುಕಟ್ಟು, ಮಾತು ತೊದಲುವುದು, ಕೈಕಾಲು ಸೋಲುವುದು ಕಂಡರೆ ವಹಿ ಪಕ್ಕಕ್ಕಿಟ್ಟು 108ಕ್ಕೆ ಫೋನ್ ಮಾಡಬೇಕು.

ಮುದ್ದೇಬಿಹಾಳದ ನಮ್ಮ ಚಿಗವ್ವ, "ತಲಿ ನೋಯಂಗಿಲ್ಲ, ಕಣ್ಣಿಗಿ ಕತ್ಲಿ ಬರಂಗಿಲ್ಲ, ನನಗೆಲ್ಲಿ ಬಿಪಿ?" ಎನ್ನುತ್ತಿದ್ದಳು. ಅಳೆದ ಪ್ರತಿಸಲವೂ 160ರ ಮೇಲೆ. ಈ ರೋಗ ನೋವು ಕೊಟ್ಟು ಎಚ್ಚರಿಸುವುದಿಲ್ಲ, ನನಗೆ ಅತಿ ಸಂಕಟದ ಸಂಗತಿ ಇದು. ಬಸವನ ಬಾಗೇವಾಡಿಯ ಭಾವನದು ಇದಕ್ಕೆ ತದ್ವಿರುದ್ಧ: ಡಾಕ್ಟರ್ ಎದುರು ಏರಿದ್ದು ಮನೆಗೆ ಬಂದರೆ ಇಳಿಯುತ್ತದೆ. ಇಬ್ಬರಿಗೂ ದಾರಿ ತೋರಿಸಿದ್ದು ಮನೆಯ ವಹಿಯೇ. ಚಿಗವ್ವನಿಗೆ ಈಗ ತಾಲೂಕು ಆಸ್ಪತ್ರೆಯಿಂದ ಗುಳಿಗೆ ಪುಕ್ಕಟೆ ಸಿಗುತ್ತಿದೆ.

ಬಿಪಿ ಏರಿಸುವ ಉಪ್ಪಿನ ಮಾತು ಬಂದರೆ ಎಲ್ಲರೂ ಪಲ್ಯದ ಕಡೆ ನೋಡುತ್ತಾರೆ. ನಮ್ಮ ತಾಟಿನಲ್ಲಿ ಶೇಂಗಾ ಹಿಂಡಿ, ಲಿಂಬಿಕಾಯಿ ಉಪ್ಪಿನಕಾಯಿ, ಹಪ್ಪಳವೂ ಇವೆ. ದಿನಕ್ಕೆ ಎಲ್ಲ ಸೇರಿ 5 ಗ್ರಾಂ ಒಳಗೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಅಂದರೆ ಒಂದು ಸಣ್ಣ ಚಮಚ.

ಬೇಸಿಗೆಯದು ಬೇರೆ ಕಥೆ. ಬಿಸಿಲು 40 ಡಿಗ್ರಿ ದಾಟಿದಾಗ ರಕ್ತನಾಳ ಹಿಗ್ಗಿ, ಬೆವರಿ ನೀರು ಹೋಗಿ, ಬಿಪಿ ತಾನೇ ಇಳಿಯುತ್ತದೆ. ಎದ್ದರೆ ತಲೆ ಸುತ್ತುತ್ತದೆ. ಆಗ ಎಷ್ಟೋ ಜನ ತಾವೇ ಗುಳಿಗೆ ನಿಲ್ಲಿಸಿಬಿಡುತ್ತಾರೆ, ಚಳಿಗಾಲಕ್ಕೆ ಬಿಪಿ ಮತ್ತೆ ಏರಿ ಕೂತಿರುತ್ತದೆ. ನಾನು ಏಪ್ರಿಲ್‌ನಲ್ಲಿ ವಹಿ ಒಯ್ದು ಡಾಕ್ಟರ ಮುಂದಿಡುತ್ತೇನೆ. ಅಂಕಿ ನೋಡಿ ಅವರು ಒಮ್ಮೊಮ್ಮೆ ಗುಳಿಗೆಯ ಪ್ರಮಾಣ ಇಳಿಸುತ್ತಾರೆ, ಒಮ್ಮೊಮ್ಮೆ ಇದ್ದಷ್ಟೇ ಇರಲಿ ಎನ್ನುತ್ತಾರೆ.